ಪ್ರಬಂಧದೊಳಗೆ ಕವಿತೆಯ ಸಾಲು ಹೊಂದಿಸುವುದು ಹೇಗೆ? ನಿಮ್ಮ ಅನುಭವ ಹೇಳಿ

ಬದಿಯಡ್ಕದಿಂದ ಕೇಳಿದ್ದು: ಬಿ.ಎ. ಕನ್ನಡ ಓದುತ್ತಿದ್ದೇನೆ. ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’ ಕವಿತೆಯ ಬಗ್ಗೆ ವಿಮರ್ಶೆ ಬರೆಯಬೇಕು. ಸಾಲುಗಳನ್ನೇನೋ ಹಾಕಿದ್ದೇನೆ, ಆದರೆ ಟೀಚರ್ ಓದಿ, ಕವಿಯ ಮಾತು ಒಂದು ಕಡೆ, ನಿನ್ನ ಮಾತು ಒಂದು ಕಡೆ ನಿಂತಿದೆ ಅಂದರು. ನೀವೆಲ್ಲ ಹೇಗೆ ಮಾಡುತ್ತೀರಿ?

ಕುಂಬಳೆಯಿಂದ: ‘ಕವಿ ಹೀಗೆ ಹೇಳುತ್ತಾರೆ’ ಅಂತ ಬರೆದು ಕೆಳಗೆ ನಾಲ್ಕು ಸಾಲು ಸುರಿಯುವುದನ್ನು ಮೊದಲು ಬಿಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ, ಹಾಗಾಗಿ ಸಾಲು ವಾಕ್ಯದ ನಡುವೆ ಆರಾಮಾಗಿ ಕೂರುತ್ತದೆ, ಅದನ್ನು ಹಿಡಿದುಕೊಳ್ಳಲು ‘ಎಂಬ’, ‘ಎನ್ನುವ’ ಇದ್ದೇ ಇವೆ. ‘ಎಂಬ’ ಆದಮೇಲೆ ಏನು ಬರೆಯುತ್ತೀರಿ ಅನ್ನುವುದೇ ಮುಖ್ಯ. ‘ಬೆಂಕಿ ಬಿದ್ದಿದೆ ಮನೆಗೆ’ ಎಂಬ ಸಾಲು ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಂಬ ಕೂಗು ಅಂದರೆ ನಿಮ್ಮ ಓದು ಅಲ್ಲೇ ಶುರುವಾಯಿತು. ಎಂಬ ದೂರು ಅಂದರೆ ಬೇರೆಯೇ ಓದು, ಅದಕ್ಕೆ ಕವಿತೆಯಿಂದಲೇ ಆಧಾರ ಕೊಡಬೇಕಾಗುತ್ತದೆ.

ಮಂಜೇಶ್ವರದಿಂದ, ಪಾಠ ಮಾಡುವವ: ನಾನು ನೋಡುವ ಪೇಪರುಗಳಲ್ಲಿ ಜಾಸ್ತಿ ಕಾಣುವುದು ಇದು: ಸಾಲು ಕೊಟ್ಟು, ಕೆಳಗೆ ‘ಇಲ್ಲಿ ಕವಿ ಮನೆಗೆ ಬೆಂಕಿ ಬಿದ್ದಿದೆ ಎಂದಿದ್ದಾರೆ’ ಅಂತ ಅದನ್ನೇ ಮತ್ತೆ ಬರೆಯುವುದು. ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ, ನೋಡಿದ್ದೀರಲ್ಲ, ಭಾಗವತರು ಪದ್ಯ ಹೇಳಿದ ಮೇಲೆ ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವವ, ಅದನ್ನೇ ಗದ್ಯ ಮಾಡಿ ಒಪ್ಪಿಸುತ್ತಾನಾ? ಒಂದು ಪದ ಹಿಡಿದು ಬೆಳೆಸುತ್ತಾನೆ. ನೀವೂ ‘ಮನೆ’ ಹಿಡಿಯಿರಿ. ಈ ಸಾಲಿನಲ್ಲಿ ನಾಡು ಅನ್ನದೆ, ಗಡಿ ಅನ್ನದೆ ಮನೆ ಅಂದದ್ದು ಯಾಕೆ? ಇನ್ನೊಂದು, ನಾವು ಸಾಮಾನ್ಯವಾಗಿ ಹೇಳುವುದು ‘ಮನೆಗೆ ಬೆಂಕಿ ಬಿದ್ದಿದೆ’ ಅಂತ. ಕವಿ ಬೆಂಕಿಯನ್ನು ಮುಂದಕ್ಕೆ ತಂದಿದ್ದಾರೆ, ಗಾಬರಿಯಲ್ಲಿ ಓಡಿ ಬಂದವನ ಬಾಯಲ್ಲಿ ಮೊದಲು ಬರುವುದು ಅದೇ. ಕವಿತೆಯ ಹಿನ್ನೆಲೆಯಾಗಿ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಜಾಸ್ತಿಯಾದರೆ ಅದು ಚರಿತ್ರೆಯ ಪ್ರಬಂಧ.

ಉಪ್ಪಳದಿಂದ: ಇಡೀ ಸಾಲೇ ಬೇಕು ಅಂತಿಲ್ಲ, ತುಂಡುಗಳೂ ಆಗುತ್ತವೆ. ಬಸವಣ್ಣನವರ ವಚನದ ಬಗ್ಗೆ ಬರೆಯುವುದಾದರೆ ಹೀಗೆ: ‘ಶಿವಾಲಯವ ಮಾಡುವರು’ ಎನ್ನಿಸಿಕೊಳ್ಳುವ ‘ಉಳ್ಳವರು’ ಕೈಯಲ್ಲಿರುವ ಹಣದಿಂದ ಕಟ್ಟಿದರೆ, ‘ಎನ್ನ ಕಾಲೇ ಕಂಬ’ ಎನ್ನುವ ಬಡವ ತನ್ನ ಮೈಯಿಂದಲೇ ಕಟ್ಟುತ್ತಾನೆ. ಒಂದೇ ವಾಕ್ಯ, ಮೂರು ತುಂಡು. ಆದರೆ ಉದ್ಧರಣ ಚಿಹ್ನೆಯೊಳಗಿನ ‘ಎನ್ನ’ವನ್ನು ‘ನನ್ನ’ ಮಾಡಬೇಡಿ. ನಡುವೆ ಬಿಟ್ಟರೆ ಮೂರು ಚುಕ್ಕಿ ಹಾಕಿ. ‘ದೇಹವೇ ದೇಗುಲ’ದಲ್ಲಿ ಅಂತ ವಿಭಕ್ತಿ ಅಂಟಿಸುವುದಕ್ಕಿಂತ ‘ದೇಹವೇ ದೇಗುಲ’ ಎಂಬಲ್ಲಿ ಅಂದರೆ ಓದಲು ಸಲೀಸು.

ನೀರ್ಚಾಲಿನಿಂದ: ಎಲ್ಲವನ್ನೂ ತುಂಡು ಮಾಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕವಿ ಗೋವಿಂದ ಪೈಗಳು 1911ರಲ್ಲಿ ಪ್ರಾಸ, ಅಂದರೆ ಸಾಲುಗಳ ಎರಡನೇ ಅಕ್ಷರದ ಹೊಂದಿಕೆ, ಬಿಟ್ಟರು ಅಂತ ಬರೆಯುತ್ತೀರಿ, ಓದುವವನಿಗೆ ಅದು ಕಾಣಬೇಕಾದರೆ ಪ್ರತಿ ಸಾಲಿನ ಎರಡನೇ ಅಕ್ಷರ ನೋಡಬೇಕು, ಅದಕ್ಕೆ ನಾಲ್ಕು ಸಾಲು ಪೂರ್ತಿ ಬೇಕೇ ಬೇಕು. ಅಂಥ ಕಡೆ ಬೇರೆ ಪ್ಯಾರಾದಲ್ಲೇ ಕೊಡಿ. ಕೊಟ್ಟಮೇಲೆ ಸುಮ್ನೆ ಮುಂದೆ ಹೋಗಬೇಡಿ, ಅಷ್ಟೇ.

ಬದಿಯಡ್ಕದಿಂದ: ಹೀಗೆ ತಿದ್ದಿದೆ, ನೋಡಿ: ‘ಬೆಂಕಿ ಬಿದ್ದಿದೆ ಮನೆಗೆ’ ಎಂಬ ಕೂಗು ‘ಓ ಬೇಗ ಬನ್ನಿ’ ಎಂದು ಮುಂದುವರಿಯುವುದರಿಂದ ಓದುಗ ನೋಡುತ್ತಾ ನಿಲ್ಲುವಂತಿಲ್ಲ, ಅವನೂ ಆ ಮನೆಯವನೇ ಆಗುತ್ತಾನೆ ಎಂದು ನನಗೆ ಅನಿಸುತ್ತದೆ.

ಮಂಜೇಶ್ವರದಿಂದ: ‘ಎಂದು ನನಗೆ ಅನಿಸುತ್ತದೆ’ ತೆಗೆಯಿರಿ. ಉಳಿದದ್ದು ಹಾಗೇ ಇರಲಿ.