ಕೊನೆಯ ಕಂತು

ನಮ್ಮ ಮನೆತನದ ವಾಟ್ಸಾಪ್ ಗುಂಪಿನ ಹೆಸರು ‘ಒಂದೇ ಬಳ್ಳಿಯ ಹೂಗಳು’. ಒಟ್ಟು ಮೂವತ್ತೊಂದು ಹೂ. ಅದರಲ್ಲಿ ಮೂರು ಸಿಟ್ಟು ಮಾಡಿಕೊಂಡು ಹೊರಗೆ ಹೋಗಿ, ಹಬ್ಬದ ಹೊತ್ತಿಗೆ ತಾವಾಗಿಯೇ ಒಳಗೆ ಬಂದಿವೆ. ನಾನು ಅಲ್ಲಿ ಬರೆಯುವುದು ಕಡಿಮೆ. ಓದುವುದು ಮಾತ್ರ ಒಂದಕ್ಷರ ಬಿಡದೆ.

ಕಳೆದ ಭಾನುವಾರ ಬೆಳಿಗ್ಗೆ 6:12ಕ್ಕೆ ಚಿಕ್ಕಪ್ಪನ ಫಾರ್ವರ್ಡ್ ಬಂತು.

‘ಪ್ರತಿಯೊಬ್ಬ ಹೆಣ್ಣುಮಗಳೂ ತಪ್ಪದೆ ಓದಿ. ಖ್ಯಾತ ಕಾದಂಬರಿಕಾರ್ತಿಯೊಬ್ಬರ ಕೊನೆಯ ಮಾತು: ಬದುಕಿಡೀ ಪ್ರೇಮದ ಕತೆ ಬರೆದೆ, ಈಗ ಪಶ್ಚಾತ್ತಾಪವಾಗುತ್ತಿದೆ. ನಮ್ಮ ಕಾದಂಬರಿಗಳೆಲ್ಲ ಮದುವೆ ಮಂಟಪದಲ್ಲೇ ಮುಗಿದವು. ಆಮೇಲಿನ ಸಂಸಾರವನ್ನು ಯಾರೂ ಬರೆಯಲಿಲ್ಲ. ಈ ಕಾದಂಬರಿ, ಈ ಟಿವಿ ಧಾರಾವಾಹಿಗಳ ನಾಯಕನನ್ನು ಮನಸ್ಸಿನಲ್ಲಿ ಇಟ್ಟುಕೊಂಡ ಹುಡುಗಿಗೆ ಮನೆಯವರು ನೋಡಿದ ಯಾವ ಗಂಡೂ ಹಿಡಿಸುವುದಿಲ್ಲ. ನಿಜ ಎನಿಸಿದರೆ ಹತ್ತು ತಾಯಂದಿರಿಗೆ ಕಳಿಸಿ.’

ಶನಿವಾರ ಚಿಕ್ಕಪ್ಪನ ಮನೆಗೆ ಗಂಡಿನ ಕಡೆಯವರು ಬಂದು ಹೋಗಿದ್ದರು. ಚಿಕ್ಕಪ್ಪನ ಮಗಳು ಪುಟ್ಟಿ ಬೇಡ ಅಂದಿದ್ದಳು. ಇದು ಎರಡನೆಯವನು. ಗುಂಪಿನಲ್ಲಿ ಈ ವಿಷಯ ಯಾರೂ ಬರೆದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ದೊಡ್ಡಪ್ಪ: ಅಕ್ಷರಶಃ ಸತ್ಯ. ದಾಂಪತ್ಯವೆಂದರೆ ಹೊಂದಾಣಿಕೆ. ಕಾದಂಬರಿಯ ಮೋಹದಿಂದ ಎಷ್ಟೋ ಮನೆಗಳು ಹಾಳಾಗಿವೆ. ಇದು ತ್ರಿವೇಣಿಯವರ ಮಾತಿರಬೇಕು.

ದೊಡ್ಡಪ್ಪ ನಿವೃತ್ತ ಹೆಡ್‌ಮಾಸ್ತರು. ವಾಟ್ಸಾಪಿನಲ್ಲೂ ಪೂರ್ಣವಿರಾಮ ತಪ್ಪಿಸುವುದಿಲ್ಲ.

ಗುಂಡಣ್ಣ: ಅಪ್ಪ, ‘ಇರಬೇಕು’ ಅಂದ್ರೆ? ಮೂಲ ಎಲ್ಲಿದೆ? ಯಾವ ಪುಸ್ತಕ, ಯಾವ ಪುಟ?

ಗುಂಡಣ್ಣ ಅವರ ಮಗ. ಬೆಳಿಗ್ಗೆ ಶುಭೋದಯ ಅಂದರೂ ಮೂಲ ಕೇಳುವ ಜಾತಿ.

ಗುಂಡಣ್ಣ: ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಮೂವತ್ತೈದು ಕೂಡ ತುಂಬಿರಲಿಲ್ಲ. ಬೆಂಗಳೂರು ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅವರು ಯಾವ ಟಿವಿ ಧಾರಾವಾಹಿ ನೋಡಿ ಪಶ್ಚಾತ್ತಾಪಪಟ್ರು?

ದೊಡ್ಡಪ್ಪ: ಹಾಗಾದರೆ ಎಂ. ಕೆ. ಇಂದಿರಾ ಅವರದ್ದಿರಬೇಕು. ಅವರು 1994ರವರೆಗೆ ಇದ್ದರು. ಟಿವಿ ನೋಡಿರಬಹುದು.

ಗುಂಡಣ್ಣ: ಟಿವಿ ನೋಡಿರಬಹುದು, ಅದಕ್ಕೆ ಇದನ್ನೂ ಬರೆದಿರಬಹುದು. ಭೇಷ್.

ಚಿಕ್ಕಪ್ಪ: ನಾನು ಬರೆದದ್ದಲ್ಲಪ್ಪ. ಬಂದದ್ದನ್ನು ಬಂದ ಹಾಗೆ ಕಳಿಸಿದೆ.

ಈ ಮಾತು ಹೇಳಿದರೆ ನಮ್ಮ ಗುಂಪಿನಲ್ಲಿ ಏಳು ಖೂನಿ ಮಾಫಿ. ಗುಂಡಣ್ಣ ಮಾತ್ರ ಬಿಡುವವನಲ್ಲ.

ಗುಂಡಣ್ಣ: ‘ಎಲ್ಲ ಕಾದಂಬರಿ ಮಂಟಪದಲ್ಲಿ ಮುಗಿದವು’ ಅನ್ನೋದೂ ಸುಳ್ಳೇ. ತ್ರಿವೇಣಿಯವರ ಶರಪಂಜರದಲ್ಲಿ ಕಷ್ಟ ಶುರುವಾಗೋದೇ ಮದುವೆ ಆದಮೇಲೆ, ಬಾಣಂತನ ಆದಮೇಲೆ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನ ಮನೆಯವರೇ ಹುಚ್ಚಿ ಅಂತ ನೋಡ್ತಾರೆ. ಫಣಿಯಮ್ಮದಲ್ಲಿ ಅವಳು ಬಾಲವಿಧವೆ, ಮಂಟಪದ ಮಾತೇ ಮುಗಿದುಹೋಗಿದೆ. ಇಂದಿರಾ ತಮ್ಮ ಮನೆತನದ ಹಿರಿಯ ಜೀವದ ನಿಜ ಕತೇನ 1976ರಲ್ಲಿ ಪುಸ್ತಕ ಮಾಡಿದ್ದು.

ಪುಟ್ಟಿ: ಅಣ್ಣ, ಶರಪಂಜರ ಓದಿದೀಯೋ ಸಿನಿಮಾ ನೋಡಿದೀಯೋ?

ಐದು ನಿಮಿಷ ಏನೂ ಇಲ್ಲ.

ಗುಂಡಣ್ಣ: ಸಿನಿಮಾ. ಅರ್ಧ. ಅದು ವಿಷಯ ಅಲ್ಲ.

ಸಣ್ಣತ್ತೆ: ಅದೇ ವಿಷಯ ಕಣೋ. ನಾನು ಮೂರು ಸಲ ಓದಿದೀನಿ. ಸಿನಿಮಾ ಬಂದಾಗ ಎಲ್ಲರೂ ಕಲ್ಪನಾ ಕಲ್ಪನಾ ಅಂದ್ರು. ಪುಸ್ತಕದ ಕಾವೇರಿ ಬೇರೆ, ಅವಳಿಗೆ ಕೂಗಾಟ ಇಲ್ಲ. ಸುಮ್ಮನೆ ಕೂತಿರ್ತಾಳೆ, ಮನೆಯೋರು ಅದನ್ನೂ ಹುಚ್ಚು ಅಂತಾರೆ.

ಸಣ್ಣತ್ತೆ ನಮ್ಮಪ್ಪ, ದೊಡ್ಡಪ್ಪ, ಚಿಕ್ಕಪ್ಪ ಎಲ್ಲರ ಕೊನೆಯ ತಂಗಿ. ಕಾದಂಬರಿ ಅಂದರೆ ಪ್ರಾಣ. ಅವರು ಬಾಯಿಬಿಟ್ಟರು ಅಂದರೆ ಮಾತು ಎಲ್ಲಿಗೆ ಹೋಗುತ್ತದೆ ಅಂತ ಹಳಬರಿಗೆಲ್ಲ ಗೊತ್ತು. ಚಿಕ್ಕಮ್ಮ ಅದನ್ನು ತಡೆಯಲೆಂದೇ ಗಣಪತಿ ಚಿತ್ರ ಹಾಕಿದರು. ನಮ್ಮಪ್ಪ ಅದಕ್ಕೆ ಹೆಬ್ಬೆಟ್ಟು ಒತ್ತಿದರು. ಪ್ರಯೋಜನ ಆಗಲಿಲ್ಲ.

ಸಣ್ಣತ್ತೆ: ಅಣ್ಣ, ಕಾದಂಬರಿಯಿಂದ ಮನೆ ಹಾಳಾಗುತ್ತೆ ಅಂತ ಬರೆದಿದೀಯಲ್ಲ, ಇದೇ ಮಾತು 1979ರಲ್ಲೂ ಹೇಳಿದ್ದೆ. ಹೇಳಿ, ಲೈಬ್ರರಿ ಪುಸ್ತಕ ತಗೊಂಡು ಅಟ್ಟದ ಮೇಲೆ ಎಸೆದೆ. ದಂಡ ಕಟ್ಟಿದ್ದು ಅಮ್ಮ, ಸಾಸಿವೆ ಡಬ್ಬಿ ದುಡ್ಡಲ್ಲಿ.

ದೊಡ್ಡಪ್ಪ: ನೀನು ಪರೀಕ್ಷೆಯ ಹಿಂದಿನ ದಿನ ಓದುತ್ತಿದ್ದೆ. ಅದನ್ನೂ ಬರಿ.

ಬಾಬು: ಆಹಾ ಆ ಲೈಬ್ರರಿ!! ಚಿಕ್ಕಿ, ಪುಸ್ತಕ ಬದಲಾಯಿಸೋಕೆ ನನ್ನನ್ನೇ ಕಳಿಸ್ತಿದ್ರಿ ನೆನಪಿದ್ಯಾ? ಸೀಟಿನ ಮೇಲೆ ಕಾಲು ಎಟುಕ್ತಿರಲಿಲ್ಲ, ಒಳಪೆಡಲ್ ಹೊಡ್ಕೊಂಡು ಹೋಗ್ತಿದ್ದೆ.

ಬಾಬು ಇನ್ನೊಬ್ಬ ಅತ್ತೆಯ ಮಗ, ಸಣ್ಣತ್ತೆ ಅವನಿಗೆ ಚಿಕ್ಕಿ. ರಜೆಗೆಲ್ಲ ಅಜ್ಜನ ಮನೆಯಲ್ಲೇ ಬೆಳೆದವನು. ಯಾವ ಜಗಳದ ಮಧ್ಯೆಯೂ ಅವನ ಸೈಕಲ್ಲು ಬಂದೇ ಬರುತ್ತದೆ. ಆದರೆ ಒಪ್ಪಬೇಕು, ನೆನಪು ಮಾತ್ರ ಗಟ್ಟಿ.

ಬಾಬು: ಮೊದಲ ಪುಟದಲ್ಲಿ ಹೆಂಗಸರೆಲ್ಲ ಪೆನ್ಸಿಲ್ಲಲ್ಲಿ ಒಂದೊಂದು ಗುರುತು ಹಾಕ್ತಿದ್ರು, ಓದಿದ್ದು ಮತ್ತೆ ಬರಬಾರದು ಅಂತ. ಚಿಕ್ಕೀದು ಸಣ್ಣ ನಕ್ಷತ್ರ. ಕೊನೇ ಪುಟದಲ್ಲಿ ಯಾರ‍್ಯಾರೋ ಬರೆದಿರೋರು: ‘ಚೆನ್ನಾಗಿದೆ’, ‘ಅಳು ಬರುತ್ತೆ, ಹುಷಾರು’, ‘ನಾಯಕನಿಗೆ ಬುದ್ಧಿ ಇಲ್ಲ’. ಆ ಕೊನೇದು ಎಷ್ಟು ಪುಸ್ತಕದಲ್ಲಿ ಇತ್ತು ಗೊತ್ತಾ!

ಬಾಬು: ಮನೇಗೆ ವಾರಪತ್ರಿಕೆ ಬಂದ್ರೆ ಸರದಿ. ಮೊದಲು ತಾತ. ಆಮೇಲೆ ದೊಡ್ಡಮಾವ, ಚಿಕ್ಕಮಾವ. ಆಮೇಲೆ ಚಿಕ್ಕಿ ಧಾರಾವಾಹಿ ಓದಿ ಆ ಹಾಳೆಗಳನ್ನ ಕತ್ತರಿಸಿ ಇಟ್ಕೊಳ್ಳೋರು, ಎಲ್ಲ ಕಂತು ಸೇರಿಸಿ ಬೈಂಡ್ ಮಾಡಿಸೋಕೆ. ಉಳಿದ ಹಾಳೆ ಅಡುಗೆಮನೆಗೆ.

ಸಣ್ಣತ್ತೆ: ಬೈಂಡ್ ಮಾಡಿಸೋಕೆ ಆಗಲಿಲ್ಲ. ಯಾಕೆ ಅಂತ ಅಣ್ಣನ್ನ ಕೇಳು.

ಬಂತು. ನಲವತ್ತಾರು ವರ್ಷದಿಂದ ಪ್ರತಿ ಮದುವೆ, ಮುಂಜಿ, ತಿಥಿಯಲ್ಲಿ ಬರುವ ಮಾತು. ಅತ್ತೆ ಒಂದು ಧಾರಾವಾಹಿಯ ನಲವತ್ತು ಕಂತು ಒಂದೂ ತಪ್ಪದಂತೆ ಕೂಡಿಟ್ಟಿದ್ದರು. ಕೊನೆಯ ಕಂತು ಬಂದ ಸಂಚಿಕೆ ಮನೆಗೆ ಬಂದದ್ದು ನಿಜ, ಅಜ್ಜ ಅದನ್ನು ಓದಿದ್ದರು. ಅತ್ತೆಯ ಕೈಗೆ ಬರುವ ಹೊತ್ತಿಗೆ ಅದರಲ್ಲಿ ಆ ಹಾಳೆಗಳೇ ಇರಲಿಲ್ಲ. ದೊಡ್ಡಪ್ಪ ಬೇಕೆಂದೇ ಹರಿದು ಹಾಕಿದರು ಅನ್ನುವುದು ಅತ್ತೆಯ ವಾದ. ಧಾರಾವಾಹಿಯ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಹುಡುಕಿ ಕಳಿಸಿಬಿಟ್ಟಾರು, ಅತ್ತೆಗೆ ಬೈಯಲು ಏನೂ ಉಳಿಯುವುದಿಲ್ಲ.

ದೊಡ್ಡಪ್ಪ: ನಾನು ಮುಟ್ಟಿಲ್ಲ. ಇಪ್ಪತ್ತು ಸಲ ಹೇಳಿದ್ದೇನೆ.

ಸಣ್ಣತ್ತೆ: ಮತ್ತೆ ಹಾಳೆಗೆ ಕಾಲು ಬಂತಾ?

ಗುಂಡಣ್ಣ: ನಾವು ಫಾರ್ವರ್ಡ್ ಬಗ್ಗೆ ಮಾತಾಡ್ತಿದ್ವಿ.

ಪುಟ್ಟಿ: ಹೌದು, ಅದಕ್ಕೇ ಬರೋಣ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಎಲ್ಲರೂ ಹೇಳೋ ಇಂದಿರಾಬಾಯಿ ಬಂದದ್ದು 1899ರಲ್ಲಿ, ಗುಲ್ವಾಡಿ ವೆಂಕಟರಾಯರದ್ದು. ಅದರಲ್ಲೂ ಚಿಕ್ಕ ವಯಸ್ಸಿನ ವಿಧವೆ ಮನೆ ಬಿಟ್ಟು ಬಂದು, ಓದಿ, ತನಗೆ ಒಪ್ಪಿದವನನ್ನ ಮದುವೆ ಆಗ್ತಾಳೆ. ಕಾದಂಬರಿ ಓದಿ ಹುಡುಗೀರು ಕೆಟ್ಟರು ಅಂದ್ರೆ ಕೆಡೋಕೆ ಶುರುವಾಗಿ ನೂರಿಪ್ಪತ್ತು ವರ್ಷದ ಮೇಲಾಯ್ತು.

ದೊಡ್ಡಪ್ಪ: ವಿಧವಾ ವಿವಾಹ ಸಮಾಜ ಸುಧಾರಣೆ. ಅದು ಬೇರೆ. ಭೈರಪ್ಪನವರ ವಂಶವೃಕ್ಷ ಓದು. ಕಾತ್ಯಾಯನಿ ಮರುಮದುವೆಯಾದಳು. ಸುಖಪಟ್ಟಳೇ?

ಸಣ್ಣತ್ತೆ: 1965ರಲ್ಲಿ ಗಂಡಸು ಬರೆದದ್ದು. ಸುಖ ಕೊಡೋಕೆ ಅವರಿಗೇ ಮನಸ್ಸು ಬರಲಿಲ್ಲ, ಅವಳೇನು ಮಾಡ್ತಾಳೆ?

ಇಲ್ಲಿ ಇಡೀ ಗುಂಪು ಎರಡಾಯಿತು. ಭೈರಪ್ಪನವರ ಬಗ್ಗೆ ನಮ್ಮ ಮನೆಯಲ್ಲಿ ಮಾತೆತ್ತಬಾರದು ಅಂತ ಒಂದು ಅಲಿಖಿತ ಕಾನೂನಿದೆ. ಹದಿನೆಂಟು ಸಂದೇಶ ಬಂದವು, ಅವುಗಳನ್ನು ಬಿಡುತ್ತೇನೆ. ವಂಶವೃಕ್ಷ ಓದಿದವರು ಅವರಲ್ಲಿ ಇಬ್ಬರು ಇರಬಹುದು.

ಚಿಕ್ಕಪ್ಪ: ಎಲ್ಲ ಸರಿ. ನಾನು ಹೇಳಿದ್ದು ಇಷ್ಟೇ. ಈಗಿನ ಮಕ್ಕಳಿಗೆ ವಾಸ್ತವ ಬೇಡ.

ಪುಟ್ಟಿ: ನನಗೆ ಕಾದಂಬರಿ ನಾಯಕ ಬೇಡಪ್ಪ. ನಾನು ಮಾತಾಡುವಾಗ ಫೋನು ಕೆಳಗಿಡೋನು ಸಾಕು. ನಿನ್ನೆ ಬಂದವನು ನಲವತ್ತು ನಿಮಿಷದಲ್ಲಿ ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ, ಪ್ಯಾಕೇಜ್ ಎಷ್ಟು ಅಂತ.

ಚಿಕ್ಕಪ್ಪ: ಮನೆ ವಿಷಯ ಗುಂಪಲ್ಲಿ ಬರೀಬೇಡ.

ಪುಟ್ಟಿ: ಬೆಳಿಗ್ಗೆ ಆರಕ್ಕೆ ನೀವು ಬರೆದದ್ದು ಯಾರ ವಿಷಯ?

ಚಿಕ್ಕಮ್ಮ ಇನ್ನೊಂದು ಗಣಪತಿ ಹಾಕಿದರು. ಈ ಸಲ ಮಿನುಗುವ ಗಣಪತಿ.

ದೊಡ್ಡಪ್ಪ: ಮಗು, ಮಾತು ಆಡಿದರೆ ಮಾತ್ರ ದಾಂಪತ್ಯವಲ್ಲ. ನಾನೂ ನಿನ್ನ ದೊಡ್ಡಮ್ಮನೂ ನಲವತ್ತೇಳು ವರ್ಷ ಸಂಸಾರ ಮಾಡಿದ್ದೇವೆ. ಒಂದು ದಿನವೂ ಜಗಳವಾಡಿದ್ದಿಲ್ಲ. ಯಾವ ಕಾದಂಬರಿಯನ್ನೂ ಓದಿದವರಲ್ಲ.

ಇದಕ್ಕೆ ಹನ್ನೊಂದು ಹೆಬ್ಬೆಟ್ಟು, ನಾಲ್ಕು ಹೂಗುಚ್ಛ. ಅದಾದ ಹತ್ತು ನಿಮಿಷಕ್ಕೆ ದೊಡ್ಡಮ್ಮನಿಂದ ಒಂದು ಧ್ವನಿ ಸಂದೇಶ ಬಂತು. ಒಂದು ನಿಮಿಷ ನಲವತ್ತು ಸೆಕೆಂಡು. ದೊಡ್ಡಮ್ಮನಿಗೆ ಟೈಪು ಮಾಡಲು ಬರುವುದಿಲ್ಲ. ಅವರ ಧ್ವನಿ ಸಂದೇಶ ಅಂದರೆ ಸಾಮಾನ್ಯವಾಗಿ ಕೈತಪ್ಪಿ ಒತ್ತಿದ್ದು, ಒಳಗೆ ಮಿಕ್ಸಿ ಸದ್ದು ಇರುತ್ತದೆ. ಹಾಗಾಗಿ ಯಾರೂ ಅದಕ್ಕೆ ಏನೂ ಅನ್ನಲಿಲ್ಲ. ಬಾಬು ಲೈಬ್ರರಿ ಇದ್ದ ಜಾಗದ ಫೋಟೊ ಹುಡುಕಿ ಹಾಕಿದ, ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಮಾತೆಲ್ಲ ಆ ಕಡೆ ಹರಿಯಿತು.

ನಾನು ಕೇಳಿದೆ. ಎರಡು ಸಲ.

‘ಪುಟ್ಟಿ, ನಾನು ದೊಡ್ಡಮ್ಮ. ಜಗಳ ಆಡಿಲ್ಲ ಅಂತ ಬರೆದಿದಾರಂತೆ, ಗುಂಡ ಓದಿ ಹೇಳಿದ. ನಿಜ ಅದು. ಜಗಳಕ್ಕೂ ಇಬ್ಬರು ಮಾತಾಡ್ಬೇಕಲ್ಲ. ಓದಿಲ್ಲ ಅಂತಾನೂ ಬರೆದಿದಾರಂತೆ. ನಾನು ಓದ್ತಿದ್ದೆ. ಮಧ್ಯಾಹ್ನ ಎಲ್ಲರೂ ಮಲಗಿದಮೇಲೆ, ಹಿತ್ತಿಲ ಬಾಗಿಲ ಹತ್ರ ಕೂತು. ಪ್ರೇಮ ಗೀಮ ಅಂತ ಅಲ್ಲ ಕಣೇ. ಆ ಕತೆಗಳಲ್ಲಿ ಗಂಡ ಹೆಂಡತಿ ಕೂತು ಮಾತಾಡ್ತಾರೆ ನೋಡು, ನಿನಗೆ ಯಾಕೆ ಬೇಜಾರು, ಏನಾಯ್ತು ಅಂತ ಕೇಳ್ತಾರೆ. ಅದನ್ನ ಓದೋಕೆ ಆಸೆ. ಕೆಲವೊಮ್ಮೆ ಕತೆ ಬಿಟ್ಟು ಬರೀ ಆ ಮಾತುಗಳನ್ನೇ ಓದ್ತಿದ್ದೆ. ನಮ್ಮಲ್ಲಿ ಮಾತು ಅಂದ್ರೆ ಸೋಪು ಮುಗಿದಿದೆ, ನಾಳೆ ಯಾರೋ ಬರ‍್ತಾರೆ, ಅಷ್ಟೆ. ಅವರು ಕೆಟ್ಟವರು ಅಂತಲ್ಲಪ್ಪ. ಒಳ್ಳೆಯವರೇ. ನೀನು ಹೆದರಬೇಡ...’

ಇಲ್ಲಿ ದೂರದಿಂದ ದೊಡ್ಡಪ್ಪನ ದನಿ ಕೇಳುತ್ತದೆ: ‘ಯಾರ ಹತ್ರ ಮಾತಾಡ್ತಿದೀಯ?’

‘ಯಾರ ಹತ್ರಾನೂ ಇಲ್ಲ.’

ಅಲ್ಲಿಗೆ ನಿಂತಿದೆ.

ಸಂಜೆ ದೊಡ್ಡಮ್ಮನೇ ಫೋನು ಮಾಡಿದರು. ತಾನು ಕಳಿಸಿದ್ದನ್ನು ಯಾರು ಯಾರು ಕೇಳಿದರು ಅಂತ ನೋಡಲು ಬರುತ್ತದಂತೆ, ಹೇಗೆ ಅಂದರು. ಸಂದೇಶವನ್ನು ಒತ್ತಿ ಹಿಡಿಯಿರಿ, ಮೇಲೆ ಚುಕ್ಕಿಗಳು ಬರುತ್ತವೆ ಅಂತ ಹೇಳಿಕೊಟ್ಟೆ. ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

‘ನಿನ್ನ ಹೆಸರಿದೆ. ಪುಟ್ಟೀದು ಇದೆ. ಸಾಕು.’

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮತ್ತೆ ಇವತ್ತೂ ಆ ಹಾಳೆ ವಿಷಯ ತೆಗೆದಳಂತಲ್ಲ’ ಅಂದರು.

‘ತೆಗೆದರು. ದೊಡ್ಡಪ್ಪ ಇಪ್ಪತ್ತೊಂದನೇ ಸಲ ಇಲ್ಲ ಅಂದರು.’

‘ಅವರು ಮುಟ್ಟಿಲ್ಲ. ನಾನು ತಗೊಂಡಿದ್ದು.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

‘ಮದುವೆಯಾಗಿ ಬಂದು ವರ್ಷವಾಗಿತ್ತು. ನನ್ನ ಸರದಿ ಬರೋ ಹೊತ್ತಿಗೆ ಪತ್ರಿಕೇಲಿ ಬರೀ ತೂತು. ಎಲ್ಲ ಕಂತೂ ಅವಳು ಕತ್ತರಿಸಿ ಪೆಟ್ಟಿಗೇಲಿ ಬೀಗ ಹಾಕಿಟ್ಟಿದ್ದಳು. ಒಂದಾದರೂ ನಾನು ಮೊದಲು ಓದೋಣ ಅನ್ನಿಸ್ತು. ಮಾವನವರು ಓದಿ ಕೆಳಗಿಟ್ಟ ಕೂಡಲೇ ತಗೊಂಡೆ. ವಾಪಸು ಇಡೋ ಅಷ್ಟರಲ್ಲಿ ಮನೇಲಿ ರಾದ್ಧಾಂತ ಆಗಿತ್ತು, ಭಯ ಆಯ್ತು. ಸೀರೆ ಮಡಿಕೇಲಿ ಇಟ್ಟೆ. ಈಗಲೂ ಅಲ್ಲೇ ಇದೆ.’

‘ಕೊಟ್ಟುಬಿಡಿ ದೊಡ್ಡಮ್ಮ.’

‘ಈಗ ಕೊಟ್ಟರೆ ಅವರಣ್ಣನಿಗೆ ಇಷ್ಟು ವರ್ಷ ಬೈಸಿದ್ದಕ್ಕೆ ನಾನು ಏನು ಹೇಳಲಿ?’

ನನಗೆ ಬೆಳಗಿನ ಫಾರ್ವರ್ಡ್ ನೆನಪಾಯಿತು. ಕೇಳಿದೆ: ‘ಕೊನೇಲಿ ಮದುವೆ ಆಗುತ್ತಾ?’

‘ಅವಳಿಗಾ? ಆಗಿರಬೇಕು. ತಾಳಿ ಇದೆ. ಬಾಗಿಲು ಹಾಕ್ಕೊಂಡು ತುಂಬಾ ಹೊತ್ತು ಅಳ್ತಾಳೆ, ಆಮೇಲೆ ಮುಖ ತೊಳ್ಕೊಂಡು ದೀಪ ಹಚ್ಚೋಕೆ ಬರ‍್ತಾಳೆ, ಅಲ್ಲಿಗೆ ಮುಗಿಯುತ್ತೆ.’

‘ಯಾಕೆ ಅಳ್ತಾಳೆ?’

‘ಹಿಂದಿನ ನಲವತ್ತು ಕಂತೂ ನಿಮ್ಮತ್ತೆ ಹತ್ರ ಇದೆಯಲ್ಲೇ, ನನಗೆ ಹೇಗೆ ಗೊತ್ತಾಗ್ಬೇಕು?’