ಮೂರು ವರ್ಷದ ಅಡಿಕೆ ಗಿಡಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು?

ಕೇಳಿದ್ದು (ಚಿಕ್ಕನಾಯಕನಹಳ್ಳಿ ಕಡೆ): 2 ಎಕರೆ ಅಡಿಕೆ, 9×9 ಅಡಿ ಅಂತರ. ಮೇಲ್ಭಾಗ ಕೆಂಪು ಮಣ್ಣು, ಕೆಳಗಡೆ ಎರೆ (ಜಿಗುಟು ಕಪ್ಪು ಮಣ್ಣು). ಡ್ರಿಪ್ ಇದೆ, ಬೋರು ಒಂದೇ. ಒಬ್ಬರು 10 ಲೀಟರ್ ಸಾಕು ಅಂತಾರೆ, ಇನ್ನೊಬ್ಬರು 40 ಬೇಕು ಅಂತಾರೆ. ನೀವೆಲ್ಲ ಹೇಗೆ ಲೆಕ್ಕ ಹಾಕ್ತೀರಿ?

ಹಿರಿಯೂರಿನಿಂದ: ಇಬ್ಬರೂ ಹೇಳಿದ್ದು ಸರಿ ಇರಬಹುದು, ಗಿಡದ ವಯಸ್ಸು ಬೇರೆ ಅಷ್ಟೇ. ನಾನು ಹೀಗೆ ಮಾಡ್ತೀನಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ 1 ಲೀಟರ್. ಇದೊಂದು ನೆನಪಿದ್ದರೆ ಸಾಕು. 9×9 ಅಂತರದಲ್ಲಿ ಒಂದು ಗಿಡದ ಪಾಲಿಗೆ ಸುಮಾರು ಏಳೂವರೆ ಚದರ ಮೀಟರ್ ಬರುತ್ತೆ. ಏಪ್ರಿಲ್ ಬಿಸಿಲಿಗೆ ಆವಿಯ ತೊಟ್ಟಿಯಲ್ಲಿ (ನೀರು ಎಷ್ಟು ಆವಿಯಾಗುತ್ತೆ ಅಂತ ಅಳೆಯೋ ತೆರೆದ ತೊಟ್ಟಿ) ದಿನಕ್ಕೆ 8 ಮಿಲಿಮೀಟರ್ ಇಳಿಯಿತು ಅಂದುಕೊಳ್ಳಿ. ತೊಟ್ಟಿಯಷ್ಟು ನೀರನ್ನು ಗಿಡ ಆವಿಯಾಗಿ ಬಿಡಲ್ಲ, ಅದಕ್ಕೆ 0.7ರಿಂದ ಗುಣಿಸಬೇಕು. ಸುಮಾರು ಐದೂವರೆ ಮಿಲಿಮೀಟರ್ ಆಯ್ತು. ಗಿಡಗಳ ನೆರಳು ತೋಟ ಪೂರ್ತಿ ಕೂಡಿಕೊಂಡಿದ್ದರೆ ಗಿಡಕ್ಕೆ ಸುಮಾರು 41 ಲೀಟರ್. ಕರಾವಳಿ ತೋಟಗಳಿಗೆ ಹಳೇ ಶಿಫಾರಸು ಇದೆಯಲ್ಲ, ಮಾರ್ಚ್‌ನಿಂದ ಮೇವರೆಗೆ 3-5 ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ಅಂತ? ನಾಲ್ಕು ದಿನಕ್ಕೆ ಹಂಚಿ ನೋಡಿ, ಹತ್ತಿರ ಹತ್ತಿರ ಅಷ್ಟೇ ಬರುತ್ತೆ.

ನಿಮ್ಮದು ಚಿಕ್ಕ ಗಿಡ. ಮಧ್ಯಾಹ್ನ 12ರ ಹೊತ್ತಿಗೆ ನೆಲದ ಮೇಲಿನ ನೆರಳನ್ನು ಕೋಲು ಹಿಡಿದು ಅಳೆಯಿರಿ. 6 ಅಡಿ ಅಗಲ ಇದ್ದರೆ 81 ಚದರ ಅಡಿಯಲ್ಲಿ ಸುಮಾರು 28 ಚದರ ಅಡಿ ನೆರಳು, ಅಂದ್ರೆ ಮೂರನೇ ಒಂದು ಪಾಲು. ಹಾಗಾಗಿ 14 ಲೀಟರ್. ಡ್ರಿಪ್ಪಿನಲ್ಲಿ ಬೇರಿನ ಜಾಗ ಮಾತ್ರ ನೆನೆಯೋದರಿಂದ ಇದು ಸಾಕು. ನೆರಳು ಹೆಚ್ಚಾದಂತೆ ವರ್ಷ ವರ್ಷ ಮತ್ತೆ ಅಳೆಯಿರಿ.

ತುರುವೇಕೆರೆಯಿಂದ: ಲೀಟರ್ ಲೆಕ್ಕ ಸರಿ, ಆದರೆ ಮಣ್ಣನ್ನು ಬಿಡಬೇಡಿ. ಎಷ್ಟು ಬೇಕು ಅಂತ ಹೇಳೋದು ಬಿಸಿಲು ಮತ್ತು ಗಿಡ, ಎಷ್ಟು ದಿನಕ್ಕೊಮ್ಮೆ ಅಂತ ಹೇಳೋದು ಮಣ್ಣು. ಮರಳು ಮಿಶ್ರಿತ ಕೆಂಪು ಮಣ್ಣು ನೀರು ಹಿಡಿಯಲ್ಲ, ದಿನಾ ಸ್ವಲ್ಪ ಕೊಡಬೇಕು. ಎರೆ ಹಾಗಲ್ಲ. ನಾನು ಎರಡಕ್ಕೂ ಒಂದೇ ವಾಲ್ವಿನಲ್ಲಿ ದಿನಾ ಬಿಟ್ಟೆ. ಎರೆ ಭಾಗದ 30 ಗಿಡ ಹಳದಿಯಾದವು. ಅಗೆದು ನೋಡಿದರೆ ಬೇರು ಕಪ್ಪಾಗಿ ಕೊಳೆತ ವಾಸನೆ. ಆಗಿನಿಂದ ಮೊದಲು ಒಂದಡಿ ಆಳದ ಮಣ್ಣು ತೆಗೆದು ಹಿಡಿಯಲ್ಲಿ ಹಿಸುಕಿ ನೋಡ್ತೀನಿ. ಉಂಡೆ ನಿಂತು ಕೈಗೆ ತಂಪಾದರೆ ಇವತ್ತು ನೀರು ಬೇಡ. ಉದುರಿ ಹೋದರೆ ಬಿಡ್ತೀನಿ.

ಗುಬ್ಬಿಯಿಂದ: ಡ್ರಿಪ್ಪರ್ ಮೇಲೆ 4 ಲೀಟರ್ ಅಂತ ಬರೆದಿದ್ದರೂ ನಂಬಬೇಡಿ. ನಮ್ಮಲ್ಲಿ ಡಬ್ಬಿ ಇಟ್ಟು ಒಂದು ಗಂಟೆ ಅಳೆದರೆ ಲೈನ್ ಕೊನೆಯಲ್ಲಿ ಎರಡೂವರೆಯೂ ಬರಲಿಲ್ಲ, ಉಪ್ಪು ಕಟ್ಟಿತ್ತು. ಬೋರಿನ ನೀರನ್ನೂ 200 ಲೀಟರ್ ಡ್ರಮ್ಮಿಗೆ ಬಿಟ್ಟು ಗಡಿಯಾರ ನೋಡಿ. 4 ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್. ಎಕರೆಗೆ ಸುಮಾರು 540 ಗಿಡ, 14 ಲೀಟರಿನಂತೆ ಎರಡು ಎಕರೆಗೆ 15,000. ತ್ರೀಫೇಸ್ ಕರೆಂಟ್ 5 ಗಂಟೆ ಬೇಕೇಬೇಕು. ಅಷ್ಟು ಸಿಗಲ್ಲ ಅಂದ್ರೆ ಬುಡಕ್ಕೆ ಸೋಗೆ ಮುಚ್ಚಿ, ತೇವ ನಿಲ್ಲುತ್ತೆ.

ಕೇಳಿದವರು: ಇವತ್ತೇ ನೆರಳು ಅಳೆದೆ, 5 ಅಡಿ ಚಿಲ್ಲರೆ. ನಾನು 30 ಲೀಟರ್ ಬಿಡ್ತಾ ಇದ್ದೆ. ಎರೆ ಭಾಗಕ್ಕೆ ಬೇರೆ ವಾಲ್ವ್ ಈ ವಾರವೇ ಹಾಕಿಸ್ತೀನಿ.