10,000 ರೂಪಾಯಿಗಿಂತ ಕಡಿಮೆ ಹಣವನ್ನು ಕೌಂಟರಿನಲ್ಲಿ ಕೊಡುವುದಿಲ್ಲ ಎನ್ನಲು ಬ್ಯಾಂಕ್ ಶಾಖೆಗೆ ಅಧಿಕಾರವಿದೆಯೇ?

ಪ್ರಶ್ನೆ: ತುಂಗಾತೀರ

ನಮ್ಮ ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ಹೋಬಳಿ ಕೇಂದ್ರದಲ್ಲಿರುವ ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಅವರ ಉಳಿತಾಯ ಖಾತೆಯಿದ್ದು, ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿಯೂ ಅಡಿಕೆ ಸುಲಿದ ಕೂಲಿಯ ಹಣವೂ ಅದೇ ಖಾತೆಗೆ ಜಮೆಯಾಗುತ್ತವೆ. ಎಟಿಎಂ ಕಾರ್ಡನ್ನು ಅವರು ಎಂದೂ ಪಡೆದಿಲ್ಲ. ಪಿನ್ ನೆನಪಿಟ್ಟುಕೊಳ್ಳುವುದೂ ಬೇಡ, ಅದನ್ನು ಇನ್ನೊಬ್ಬರಿಗೆ ಹೇಳಿ ಹಣ ತರಿಸುವುದೂ ಬೇಡ ಎಂಬುದು ಅವರ ನಿಲುವು. ವಂಚನೆಯ ಸುದ್ದಿಗಳನ್ನು ದಿನವೂ ಕೇಳುವ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಈಚೆಗೆ ಆ ಶಾಖೆಯ ಕ್ಯಾಷ್ ಕೌಂಟರಿನ ಗಾಜಿಗೆ, 10,000 ರೂಪಾಯಿಗಿಂತ ಕಡಿಮೆ ಮೊತ್ತ ಬೇಕಾದವರು ಎಟಿಎಂಗೆ ಅಥವಾ ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಊರಿನಲ್ಲಿ ಹಣ ಕೊಡುವ ಪ್ರತಿನಿಧಿಗಳ) ಬಳಿಗೆ ಹೋಗಬೇಕೆಂದು ಬರೆದ ಹಾಳೆಯನ್ನು ಅಂಟಿಸಿದ್ದಾರೆ. ಹಾಳೆಯ ಮೇಲೆ ಸಹಿಯಿಲ್ಲ, ಮೊಹರಿಲ್ಲ, ಯಾವ ಆದೇಶದ ಸಂಖ್ಯೆಯೂ ಇಲ್ಲ. ಅತ್ತೆಯವರು 3,000 ರೂಪಾಯಿಗೆ ಚೀಟಿ ತುಂಬಿಸಿಕೊಂಡು ಪಾಸ್‌ಬುಕ್ಕಿನ ಜೊತೆಗೆ ಕೊಟ್ಟಾಗ, ಎರಡನ್ನೂ ಹಿಂದಕ್ಕೆ ಸರಿಸಿ ಹಾಳೆಯತ್ತ ಕೈ ತೋರಿಸಿದರಂತೆ. ಆ ಬ್ಯಾಂಕಿನ ಎಟಿಎಂ ಇರುವುದು ತಾಲ್ಲೂಕು ಕೇಂದ್ರದಲ್ಲಿ. ಬ್ಯಾಂಕ್ ಮಿತ್ರರ ಯಂತ್ರ ಇವರ ಬೆರಳನ್ನು ಗುರುತಿಸುವುದಿಲ್ಲ.

ಇದು ರಿಸರ್ವ್ ಬ್ಯಾಂಕಿನ ನಿಯಮವೇ, ಬ್ಯಾಂಕಿನ ಆಡಳಿತ ಮಂಡಳಿಯ ತೀರ್ಮಾನವೇ, ಅಥವಾ ಆ ಶಾಖೆಯವರೇ ಮಾಡಿಕೊಂಡ ವ್ಯವಸ್ಥೆಯೇ? ಮುಂದೆಯೂ ಅವರು ಅದೇ ಶಾಖೆಗೆ ಹೋಗಬೇಕಾಗಿರುವುದರಿಂದ, ಜಗಳಕ್ಕೆ ಎಡೆಯಿಲ್ಲದಂತೆ ಇದನ್ನು ಹೇಗೆ ಬಗೆಹರಿಸಿಕೊಳ್ಳಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಳೆಯ ನಗದು ಗುಮಾಸ್ತ

ಕೌಂಟರಿನಲ್ಲಿ ಇಂತಿಷ್ಟಕ್ಕಿಂತ ಕಡಿಮೆ ಹಣ ಕೊಡಬಾರದೆಂದು ರಿಸರ್ವ್ ಬ್ಯಾಂಕ್ ಎಲ್ಲಿಯೂ ಹೇಳಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 5(ಬಿ) ಕಲಮು ಬ್ಯಾಂಕಿಂಗ್ ಎಂದರೇನು ಎಂಬುದನ್ನು ವಿವರಿಸುವಾಗಲೇ, ಸಾರ್ವಜನಿಕರಿಂದ ಠೇವಣಿ ಸ್ವೀಕರಿಸುವುದು ಮತ್ತು ಆ ಠೇವಣಿಯು ಕೇಳಿದಾಗ ಮರಳಿಸತಕ್ಕದ್ದಾಗಿರುವುದು, ಚೆಕ್ಕಿನ ಮೂಲಕವೋ ಡ್ರಾಫ್ಟಿನ ಮೂಲಕವೋ ಬೇರೆ ಆದೇಶದ ಮೂಲಕವೋ ಹಿಂಪಡೆಯಲು ಬರುವಂಥದ್ದಾಗಿರುವುದು ಎಂದು ಹೇಳುತ್ತದೆ. ಉಳಿತಾಯ ಖಾತೆಯ ಹಣ ಕೇಳಿದಾಗ ಕೊಡಬೇಕಾದ ಹಣ. ಕೇಳುವ ಮೊತ್ತ ಚಿಕ್ಕದು ಎಂಬುದು ಕೊಡದಿರಲು ಕಾರಣವಾಗಲಾರದು.

ಹಣ ಹಿಂಪಡೆಯಲು ಮಿತಿ ಹೇರಿದ ಉದಾಹರಣೆಗಳು ನಮ್ಮಲ್ಲಿ ಇಲ್ಲವೆಂದಲ್ಲ. 2016ರ ನವೆಂಬರಿನಲ್ಲಿ ನೋಟು ಅಮಾನ್ಯವಾದ ಮೇಲೆ ವಾರಕ್ಕೆ 24,000 ರೂಪಾಯಿಯ ಮಿತಿ ಬಂದಿತ್ತು. ಉಳಿತಾಯ ಖಾತೆಗಳ ಮೇಲಿನ ಮಿತಿಗಳು ಪೂರ್ತಿಯಾಗಿ ತೆರವಾದದ್ದು 2017ರ ಮಾರ್ಚ್ 13ರಂದು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಗ್ರಾಹಕರಿಗೆ 35,000 ರೂಪಾಯಿಗಿಂತ ಹೆಚ್ಚು ಹಣ ಸಿಗದಂತಾದದ್ದು ಅನೇಕರಿಗೆ ನೆನಪಿರಬಹುದು. ಆದರೆ ಅವೆಲ್ಲ ಮೇಲ್ಮಿತಿಗಳು, ಅವುಗಳ ಹಿಂದೆ ರಿಸರ್ವ್ ಬ್ಯಾಂಕಿನ ಲಿಖಿತ ಆದೇಶಗಳಿದ್ದವು, ಅವನ್ನು ಬಹಿರಂಗವಾಗಿ ಪ್ರಕಟಿಸಲಾಗಿತ್ತು. ನಿಮ್ಮ ಶಾಖೆಯದು ಕೆಳಮಿತಿ, ಮತ್ತು ಅದರ ಹಿಂದೆ ಇರುವುದು ಸಹಿಯಿಲ್ಲದ ಒಂದು ಹಾಳೆ.

ಹಾಳೆ ಅಂಟಿಸುವ ಕಾರಣ ನನಗೆ ಗೊತ್ತಿದೆ, ಏಕೆಂದರೆ ನಾನು ಆ ಗಾಜಿನ ಒಳಬದಿಯಲ್ಲಿ ಕುಳಿತವನು. ಚೀಟಿ 500 ರೂಪಾಯಿಯದಾದರೂ 50,000ದ್ದಾದರೂ ಕೆಲಸ ಅಷ್ಟೇ: ಪಾಸ್‌ಬುಕ್ ನೋಡಬೇಕು, ಪರದೆಯ ಮೇಲಿನ ಸಹಿಯೊಂದಿಗೆ ಚೀಟಿಯ ಸಹಿಯನ್ನು ಹೋಲಿಸಬೇಕು, ಹಿಂಬದಿಯಲ್ಲಿ ಇನ್ನೊಂದು ಸಹಿ ಮಾಡಿಸಬೇಕು, ಯಾವ ನೋಟು ಎಷ್ಟು ಎಂದು ಬರೆದುಕೊಂಡು ಎರಡು ಬಾರಿ ಎಣಿಸಬೇಕು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಕಡಿಮೆ ಬಿದ್ದದ್ದನ್ನು ತುಂಬಿಕೊಡಬೇಕಾದವನು ಕ್ಯಾಷಿಯರನೇ. ಜೊತೆಗೆ, ಸಣ್ಣ ವ್ಯವಹಾರಗಳನ್ನು ಶಾಖೆಯಿಂದ ಹೊರಗೆ ಸಾಗಿಸಬೇಕೆಂಬ ಒತ್ತಡ ಮೇಲಿನಿಂದಲೂ ಇರುತ್ತದೆ. ಎಟಿಎಂ ಬಳಸಿ ಎಂದು ವಿನಂತಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಕಾರ್ಡೇ ಇಲ್ಲದವರು ಮುಂದೆ ನಿಂತಾಗ ಆ ವಿನಂತಿ ನಿರಾಕರಣೆಯಾಗಿಬಿಡುತ್ತದೆ, ಆಕ್ಷೇಪವಿರುವುದು ಅದಕ್ಕೆ.

ಈ ಮಾತನ್ನೂ ಹೇಳಬೇಕೆನಿಸುತ್ತದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಸಂಗ್ರಹಿಸಿತು. ಸಣ್ಣ ಹಣವನ್ನು ಹುಡುಕಿಕೊಂಡು ಹೋಗಿ ಬೆಳೆದ ಬ್ಯಾಂಕುಗಳ ನಾಡಿನಲ್ಲಿ, ಸಣ್ಣ ಹಣ ಕೇಳಿ ಬಂದವರನ್ನು ವಾಪಸು ಕಳಿಸುವುದು ನನಗೆ ಬಹಳ ನೋವಿನ ಸಂಗತಿ.

ಮುಂದಿನ ಸಲ ನೀವು ಜೊತೆಯಲ್ಲಿ ಹೋಗಿ. ಕೌಂಟರಿನಲ್ಲಿ ವಾದಿಸದೆ ನೇರವಾಗಿ ಮ್ಯಾನೇಜರರ ಬಳಿ ಚೀಟಿ ಕೊಟ್ಟು, ಹಣ ಕೊಡಲಾಗದಿದ್ದರೆ ಕಾರಣವನ್ನು ಬರೆದು ಸಹಿ ಮಾಡಿಕೊಡಬೇಕೆಂದು ಸಮಾಧಾನದಿಂದ ಕೇಳಿ. ನನ್ನ ಸೇವಾವಧಿಯಲ್ಲಿ ಹಾಗೆ ಬರೆದುಕೊಟ್ಟವರನ್ನು ನಾನು ಕಂಡಿಲ್ಲ, ಹಣವನ್ನೇ ಕೊಟ್ಟುಬಿಡುತ್ತಿದ್ದರು.

ಉತ್ತರ: ಶಾಖೆಯೊಳಗಿನಿಂದ

ನಾನು ಈಗಲೂ ಗ್ರಾಮೀಣ ಶಾಖೆಯೊಂದರಲ್ಲಿ ಅಧಿಕಾರಿಯಾಗಿದ್ದೇನೆ. ಮೇಲಿನವರು ಹೇಳಿದ ಕಾನೂನಿನ ಮಾತನ್ನು ಒಪ್ಪುತ್ತೇನೆ, ಆದರೆ ಶಾಖೆಯ ಸ್ಥಿತಿಯನ್ನೂ ಓದುಗರು ತಿಳಿಯಬೇಕು. ಗೃಹಲಕ್ಷ್ಮಿಯ ಕಂತು ಜಮೆಯಾದ ಸುದ್ದಿ ಹಬ್ಬಿದ ದಿನ, ಬೀಗ ತೆಗೆಯುವ ಮೊದಲೇ ಸಾಲು ಮೆಟ್ಟಿಲಿಳಿದು ರಸ್ತೆಗೆ ಬಂದಿರುತ್ತದೆ. ನಗದು ಕೊಡುವವರು ಒಬ್ಬರೇ. ಚಿನ್ನದ ಸಾಲಕ್ಕೆ ಬಂದವರು, ಆಧಾರ್ ಜೋಡಿಸಲು ಬಂದವರು, ಬೆಳೆ ಸಾಲ ನವೀಕರಿಸಲು ಬಂದವರು ಎಲ್ಲರೂ ಅದೇ ಮೂವರು ಸಿಬ್ಬಂದಿಯ ಮುಂದೆ ನಿಂತಿರುತ್ತಾರೆ. ಕಾರ್ಡ್ ಇದ್ದವರು ಎಟಿಎಂಗೆ ಹೋದರೆ ಕಾರ್ಡ್ ಇಲ್ಲದವರಿಗೆ ಬೇಗ ಹಣ ಸಿಗುತ್ತದೆ ಎಂಬ ಉದ್ದೇಶದಿಂದಲೇ ಹೆಚ್ಚಿನ ಕಡೆ ಇಂಥ ಸೂಚನೆ ಹಾಕುತ್ತಾರೆ. ಅದು ಎಲ್ಲರಿಗೂ ಅನ್ವಯಿಸುವ ಕಟ್ಟಳೆಯಾದದ್ದು ತಪ್ಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ನಿಮ್ಮ ಅತ್ತೆಯವರ ವಿಷಯದಲ್ಲಿ ಇನ್ನೊಂದು ಬಲವಾದ ಆಧಾರವಿದೆ. 2017ರ ನವೆಂಬರ್ 9ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯು, ಹಿರಿಯ ನಾಗರಿಕರಿಗೆ ಮತ್ತು ಅಂಗವಿಕಲರಿಗೆ ಪ್ರತ್ಯೇಕ ಕೌಂಟರನ್ನೋ ಆದ್ಯತೆ ನೀಡುವ ಕೌಂಟರನ್ನೋ ಸ್ಪಷ್ಟವಾಗಿ ಗುರುತಿಸಬೇಕೆಂದು ಹೇಳುತ್ತದೆ. ಎಪ್ಪತ್ತು ದಾಟಿದವರ ಖಾತೆಯಿಂದ ತೆಗೆದ ನಗದನ್ನು ಮನೆಗೇ ತಲುಪಿಸುವ ಸೇವೆಗೆ ಬ್ಯಾಂಕುಗಳು ಪ್ರಯತ್ನಿಸಬೇಕೆಂದೂ ಅದರಲ್ಲಿದೆ. ಮನೆಗೆ ತಲುಪಿಸುವುದು ನಿಮ್ಮ ಹೋಬಳಿಯಲ್ಲಿ ಸಾಧ್ಯವಾಗದಿರಬಹುದು, ಆದರೆ ಆದ್ಯತೆಯನ್ನಂತೂ ಧಾರಾಳವಾಗಿ ಕೇಳಬಹುದು.

ಖಾತೆ ಯಾವ ಬಗೆಯದು ಎಂಬುದನ್ನು ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ನೋಡಿ. ಅದು ಮೂಲ ಉಳಿತಾಯ ಖಾತೆ, ಅಂದರೆ ಕನಿಷ್ಠ ಶಿಲ್ಕು ಇಡಬೇಕಿಲ್ಲದ ಖಾತೆಯಾಗಿದ್ದರೆ, ತಿಂಗಳಿಗೆ ಕನಿಷ್ಠ 4 ಬಾರಿ ಶುಲ್ಕವಿಲ್ಲದೆ ಹಣ ತೆಗೆಯಲು ಅವಕಾಶ ಕೊಡಲೇಬೇಕು, ಎಟಿಎಂನಲ್ಲಿ ತೆಗೆದದ್ದೂ ಆ ನಾಲ್ಕರಲ್ಲಿ ಸೇರುತ್ತದೆ. ಅದಕ್ಕೂ ಮೀರಿದರೆ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಎಷ್ಟು ಸಲ ಎಂಬುದಕ್ಕೆ ಹೀಗೆ ಮಿತಿಯಿರಬಹುದು. ಒಂದು ಸಲಕ್ಕೆ ಕನಿಷ್ಠ ಎಷ್ಟು ತೆಗೆಯಬೇಕು ಎಂಬ ಮಿತಿಗೆ ಅಲ್ಲಿ ಜಾಗವಿಲ್ಲ.

ಉತ್ತರ: ಅಡಿಕೆಸೀಮೆ

ಬೆರಳಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ತೊಡಕು ಅದೇ. ಹಸಿ ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸಿಪ್ಪೆಯ ಚೊಗರಿಗೆ ಕಪ್ಪಾಗಿ, ಚರ್ಮ ಒಣಗಿ ಸೀಳು ಬಿಟ್ಟು, ಗೆರೆಗಳೇ ಸವೆದುಹೋಗಿರುತ್ತವೆ. ಸುಗ್ಗಿ ಮುಗಿಯುವವರೆಗೂ ಯಂತ್ರ ಅವರನ್ನು ಗುರುತಿಸುವುದಿಲ್ಲ. ಉಂಗುರದ ಬೆರಳು ಅಥವಾ ಕಿರುಬೆರಳನ್ನು ಇಟ್ಟು ನೋಡಲು ಹೇಳಿ, ಆಧಾರ್‌ನಲ್ಲಿ ಹತ್ತೂ ಬೆರಳುಗಳ ಗುರುತು ಇರುವುದರಿಂದ ಕೆಲವೊಮ್ಮೆ ಅದು ಹೊಂದುತ್ತದೆ.

ಬ್ಯಾಂಕ್ ಮಿತ್ರರ ಬಳಿ ಹಣ ತೆಗೆದರೆ ಮುದ್ರಿತ ರಸೀದಿ ಕೇಳಿ ಪಡೆಯಬೇಕು. ವ್ಯವಹಾರ ವಿಫಲವಾಯಿತೆಂದು ಹೇಳಿದ ದಿನವೂ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಬೇಕು, ಖಾತೆಯಿಂದ ಹಣ ಕಡಿತವಾಗಿರುವ ಸಂದರ್ಭಗಳುಂಟು. ಬ್ಯಾಂಕಿನ ಪರವಾಗಿ ಮಾಡುವ ಸೇವೆಗೆ ಅವರು ಗ್ರಾಹಕರಿಂದ ನೇರವಾಗಿ ಕಮಿಷನ್ ಪಡೆಯುವಂತಿಲ್ಲ. ಸಾವಿರಕ್ಕೆ ಇಷ್ಟು ಎಂದು ಹಿಡಿದುಕೊಳ್ಳುವುದು ಹಳ್ಳಿಗಳಲ್ಲಿ ರೂಢಿಯಾಗಿಬಿಟ್ಟಿದೆ, ಕೇಳಿದವರಿಗೆ ಮಾತ್ರ ಅದು ತಪ್ಪುತ್ತದೆ.

ಎಟಿಎಂ ಇದ್ದರೂ ಸಾಲದು ಎಂಬುದಕ್ಕೆ ನೋಟಿನ ಮುಖಬೆಲೆಯೂ ಒಂದು ಕಾರಣ. ಯಂತ್ರದಲ್ಲಿ 500ರ ನೋಟು ಮಾತ್ರ ಇದ್ದರೆ, ಖಾತೆಯಲ್ಲಿ 480 ರೂಪಾಯಿ ಇರುವವರಿಗೆ ತಮ್ಮದೇ ಹಣ ಸಿಗುವುದಿಲ್ಲ. 100 ಮತ್ತು 200ರ ನೋಟುಗಳು ಎಟಿಎಂಗಳಲ್ಲಿ ಸಿಗುವಂತೆ ನೋಡಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲಿನಲ್ಲಿ ಸೂಚಿಸಬೇಕಾಗಿ ಬಂದದ್ದು ಈ ತೊಂದರೆಯಿಂದಲೇ.

ಮರುಪ್ರಶ್ನೆ: ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಒಂದು ವೇಳೆ ಮ್ಯಾನೇಜರರು ಕಾರಣವನ್ನೂ ಬರೆದುಕೊಡದೆ, ಹಣವನ್ನೂ ಕೊಡದೆ, ನಮ್ಮ ಅರ್ಜಿಯನ್ನು ಸ್ವೀಕರಿಸಲೂ ಒಪ್ಪದಿದ್ದರೆ ಏನು ಮಾಡಬೇಕು?

ಉತ್ತರ: ಹಳೆಯ ನಗದು ಗುಮಾಸ್ತ

ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ. ಖಾತೆಯ ಸಂಖ್ಯೆ, ಶಾಖೆ, ದಿನಾಂಕ, ಕೇಳಿದ ಮೊತ್ತ, ಹಿಂದಕ್ಕೆ ಕಳಿಸುವಾಗ ಹೇಳಿದ ಮಾತು ಇಷ್ಟಿದ್ದರೆ ಸಾಕು, ಯಾರನ್ನೂ ನಿಂದಿಸಬೇಡಿ. ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಶಾಖೆಗೆ ಒಂದು, ಬ್ಯಾಂಕಿನ ಪ್ರಾದೇಶಿಕ ಕಚೇರಿಗೆ ಒಂದು ಪ್ರತಿ ಕಳಿಸಿ, ಅಂಚೆಯ ರಸೀದಿಯನ್ನು ಪಾಸ್‌ಬುಕ್ಕಿನೊಳಗೆ ಇಟ್ಟುಕೊಳ್ಳಿ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ, ತಡಮಾಡದೆ ಗ್ರಾಹಕರ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರಿನಿಂದ ಎಲ್ಲ ವಾಣಿಜ್ಯ ಬ್ಯಾಂಕುಗಳ ದೂರುಗಳಿಗೂ ಒಂದೇ ವ್ಯವಸ್ಥೆಯಿದೆ. ದೂರನ್ನು ಅಂತರ್ಜಾಲದಲ್ಲಿ ಸಲ್ಲಿಸಬಹುದು, ಅಂಚೆಯಲ್ಲಿಯೂ ಕಳಿಸಬಹುದು, ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. 14448 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಮಾಹಿತಿ ಕೊಡುತ್ತಾರೆ. ಮೊದಲು ಬ್ಯಾಂಕಿಗೆ ಬರೆದಿರಬೇಕೆಂಬುದು ಮುಖ್ಯ, ಹಾಗೆ ಬರೆಯದೆ ನೇರವಾಗಿ ಕೊಟ್ಟ ದೂರನ್ನು ಅಲ್ಲಿ ಪರಿಗಣಿಸುವುದಿಲ್ಲ.

ಹಾಳೆಯ ಮಾತುಗಳನ್ನು ಇದ್ದದ್ದು ಇದ್ದಂತೆಯೇ ಅರ್ಜಿಯಲ್ಲಿ ಬರೆದುಕೊಳ್ಳಿ. ವಿಚಾರಣೆ ಬಂದಾಗ ಮೊದಲು ಮಾಯವಾಗುವುದು ಗಾಜಿನ ಮೇಲಿನ ಆ ಹಾಳೆ.